ಪ್ರೈಮರಿನಲ್ಲೇ ಉಳಿದ ಎರಡು ಸೀಟಿನ ಗಾಡಿ

ಗಾಡಿಗೆ ಬಣ್ಣ ಹೊಡೆಯುವವನ ಹತ್ತಿರ ಯಾರೂ ನಗುತ್ತಾ ಬರುವುದಿಲ್ಲ. ಎಲ್ಲೋ ಗುದ್ದಿಕೊಂಡೋ, ತುಕ್ಕು ತಿನ್ನಿಸಿಕೊಂಡೋ ಬರುತ್ತಾರೆ. ಆದರೂ ನಮ್ಮ ಶೆಡ್ಡಿನಲ್ಲಿ ನಗುವಂಥವು ನಡೆಯುತ್ತಲೇ ಇರುತ್ತಿದ್ದವು. ನಡೆಯುವ ಹೊತ್ತಿಗೆ ಮಾತ್ರ ಒಂದಕ್ಕೂ ನಗು ಬರುತ್ತಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಹೊಸತು. ಚಿತ್ತಾಪುರದ ನಮ್ಮ ಶೆಡ್ಡಿನಲ್ಲಿ ಜೀಪುಗಳ ಮೇಲಿನ ‘ಮೈಸೂರು’ ಅಳಿಸಿ ‘ಕರ್ನಾಟಕ’ ಬರೆಯುವುದೇ ಕೆಲಸವಾಗಿತ್ತು. ಬರೆಯುತ್ತಿದ್ದವನು ನಾನು. ಹೆಸರು ಶೆಡ್ಡಿನ ಯಜಮಾನರೂ ನನಗೆ ಕೆಲಸ ಕಲಿಸಿದವರೂ ಆದ ಉಸ್ತಾದರದು. ಅವರಿಗೆ ಅರವತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರ ಅಣ್ಣ ಕಣ್ಣಿನ ಆಪರೇಶನ್ನಿಗೆ ಹೋಗಿ ಇದ್ದಷ್ಟು ದೃಷ್ಟಿಯನ್ನೂ ಕಳೆದುಕೊಂಡು ಬಂದಿದ್ದ. ಅಂದಿನಿಂದ ಉಸ್ತಾದರ ಮುಂದೆ ದವಾಖಾನೆಯ ಹೆಸರೆತ್ತುವ ಹಾಗಿರಲಿಲ್ಲ. ಪೇಂಟರಿಗೆ ಕಣ್ಣು ಕಾಣುವುದಿಲ್ಲ ಅಂತ ಊರಿಗೆ ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಅದಕ್ಕೇ ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ನನಗೂ ಹೆಂಡತಿ, ಮಗು ಇದ್ದರು.

ಅಂಥ ಹೊತ್ತಿನಲ್ಲಿ ಊರಿನ ಹಳೆಯ ಡಾಕ್ಟರು ಒಂದು ಗಾಡಿ ಎಳೆಸಿಕೊಂಡು ಬಂದರು. ಬಹಳ ಹಿಂದೆ ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಇಂಜಿನಿಯರನೊಬ್ಬನಿಂದ ಕೊಂಡದ್ದು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಮುಂದೆ ದೋಣಿಯಂಥ ಉದ್ದನೆಯ ಬಾನೆಟ್. ಒಂದು ಕಾಲಕ್ಕೆ ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಂಜೆ ದಂಡೋತಿ ಹೊಳೆಗೆ ಹೋಗುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಗಾಡಿ ದನದ ಕೊಟ್ಟಿಗೆ ಸೇರಿತ್ತು.

“ಉಸ್ತಾದ್, ಮೊದಲಿದ್ದ ಹಸರೇ ಆಗಬೇಕು. ಮಳಿಗಾಲ ಬರೋದರೊಳಗ ಒಮ್ಮಿ ಹೊಳಿ ತನಕ ಹೋಗಿ ಬರ್ತೀನಿ” ಅಂದರು ಡಾಕ್ಟರು.

ಅವರು ಹೋದ ಮೇಲೆ ಉಸ್ತಾದರು ನನಗೆ ಹೇಳಿದರು: “ಇದರ ಹಸರೊಂದು ನನ್ನ ಕೈಲೇ ಆಗ್ಲಿ ಬೇಟಾ. ಆಮ್ಯಾಲ ಬಣ್ಣ ಹೊಡಿಯೋ ಗನ್ನು ನಿಂದೇ.”

ಕೆಂಪು

ಹಳೆಯ ಬಣ್ಣವೆಲ್ಲ ಕೆರೆದು ತೆಗೆದೆವು. ಉಸ್ತಾದರ ಹುಕುಂ ಆಯಿತು: “ಪೂರಾ ರೆಡ್ ಆಕ್ಸೈಡ್ ಹೊಡಿ.”

ಕಬ್ಬಿಣಕ್ಕೆ ಆ ಕೆಂಪು ಪ್ರೈಮರು ಸರಿಯೇ. ಅದು ತುಕ್ಕು ತಡೆಯುತ್ತದೆ. ಆದರೆ ಬಾನೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು, ಎತ್ತಿದರೆ ಹಗುರ. ಅದು ಕಬ್ಬಿಣವಲ್ಲ ಅಂತ ನನಗೆ ಅನುಮಾನ ಬಂತು.

“ಉಸ್ತಾದ್, ಬಾನೆಟ್ ಬ್ಯಾರೆ ಕಾಣ್ಲಿಕತ್ತದ.”

“ನನಗ ಕಣ್ಣು ಕಮ್ಮಿ ಆಗ್ಯಾವ, ಅಕಲು ಕಮ್ಮಿ ಆಗಿಲ್ಲ. ಹೊಡಿ.”

ಹೊಡೆದೆ. ವಾರ ಕಳೆಯುವಷ್ಟರಲ್ಲಿ ಬಾನೆಟ್ಟಿನ ಕೆಂಪು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಎದ್ದು ಬಂತು. ಉಸ್ತಾದರ ಮಾತನ್ನು ಸುಳ್ಳು ಮಾಡಲು ನನಗೆ ಮನಸ್ಸಿರಲಿಲ್ಲ. ರೇಡಿಯೋ ರಿಪೇರಿಯವನ ಹತ್ತಿರ ಒಂದು ಆಯಸ್ಕಾಂತ ಇಸಿದುಕೊಂಡು ಬಂದು ಸುಮ್ಮನೆ ಅವರ ಕೈಗೆ ಕೊಟ್ಟೆ. ಅವರು ಅದನ್ನು ಹಿಂದಿನ ಮಡ್‌ಗಾರ್ಡಿಗೆ ಹಚ್ಚಿದರು, ಟಕ್ಕನೆ ಹಿಡಿಯಿತು. ಬಾನೆಟ್ಟಿಗೆ ಹಚ್ಚಿದರು, ಜಾರಿ ಅವರ ಕಾಲಿನ ಹೆಬ್ಬೆರಳ ಮೇಲೇ ಬಿತ್ತು. ಅವರು ಕಾಲು ಹಿಡಿದುಕೊಂಡು ಕೆಳಗೆ ಕೂತುಬಿಟ್ಟರು. ಬೆರಳು ನೊಂದದ್ದಕ್ಕಲ್ಲ ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಡಾಕ್ಟರು ಬಂದರು. “ಏನಾತು ಉಸ್ತಾದ್?”

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅನ್ನುತ್ತಾರೆ. ಉಸ್ತಾದರು ಹಾಗೇ ಹೇಳಿದರು: “ಡಾಕ್ಟರ್ ಸಾಬ್, ನಿಮ್ಮ ಗಾಡಿ ಇಂಗ್ಲಿಷ್ ಅದ, ಬಾನೆಟ್ ಜರ್ಮನ್ ಅದ. ಅದಕ್ಕ ಹಳದಿ ಪ್ರೈಮರ್ ಬ್ಯಾರೆನೇ ತರಬೇಕು.”

ಡಾಕ್ಟರು ತಲೆಯಾಡಿಸಿದರು. “ಖರೇ ಅದ. ಎರಡು ಸಲ ಯುದ್ಧ ಮಾಡ್ದವರಿಗಿ ಒಂದೇ ಪ್ರೈಮರ್ ಹ್ಯಾಂಗ ಹೊಂದ್ತದ?”

ಕರಿ

ಗಾಡಿಯ ಹೊಟ್ಟೆಯ ಕೆಳಗೆ ಏನು ಬಳಿಯಬೇಕು ಅನ್ನುವುದಕ್ಕೆ ಎರಡು ದಿನ ವಾದ ನಡೆಯಿತು. ಗ್ರೀಸಿಗೆ ಹಳೆಯ ಇಂಜಿನ್ ಆಯಿಲ್ ಕಲಸಿ ಬಳಿಯಿರಿ ಅಂದರು ಡಾಕ್ಟರು. “ನಮ್ಮ ರೋಡಿನ ಫರ್ಸಿಕಲ್ಲಿನ ಧೂಳು ಅದಕ್ಕ ಅಂಟಿ ಗ್ವಾಡಿಗಿ ಗಿಲಾಯಿ ಮಾಡಿದಂಗ ಆಗ್ತದ ಸಾಬ್” ಅಂದರು ಉಸ್ತಾದರು. ಕೊನೆಗೆ ಮೊದಲು ಎರಡು ಕೈ ಕೆಂಪು ಪ್ರೈಮರು, ಅದು ಒಣಗಿದ ಮೇಲೆ ತೆಳ್ಳಗೆ ಮಾಡಿದ ಡಾಂಬರು ಅಂತ ತೀರ್ಮಾನವಾಯಿತು.

ಡಾಂಬರು ಬಳಿಯಲು ಉಸ್ತಾದರೇ ಕೆಳಗೆ ಇಳಿದರು. ನನ್ನನ್ನು ಹತ್ತಿರ ಬಿಡಲಿಲ್ಲ. “ಕೆಳಗ ಕತ್ತಲಿನೇ ಇರ್ತದ. ಅಲ್ಲಿ ನಿನಗೂ ಕಾಣಲ್ಲ, ನನಗೂ ಕಾಣಲ್ಲ. ಇಬ್ಬರೂ ಸರಿಸಮ” ಅಂದರು. ಒಂದು ತಾಸು ಕೈಯಿಂದ ತಡವುತ್ತಾ ಬಳಿದರು. ಹೊರಗೆ ಬಂದಾಗ ಮುಖದ ಮೇಲೆ ಎಷ್ಟೋ ದಿನದಿಂದ ಕಾಣದ ಕಳೆ ಇತ್ತು. ಅದನ್ನು ನೋಡಿ ನಾನು ಬಗ್ಗಿ ಪರೀಕ್ಷೆ ಮಾಡಲಿಲ್ಲ. ಅದೇ ತಪ್ಪಾಯಿತು. ಅವರು ಹೊಗೆ ಹೋಗುವ ಸೈಲೆನ್ಸರ್ ಕೊಳವೆಗೂ ಉದ್ದಕ್ಕೂ ಡಾಂಬರು ಬಳಿದಿದ್ದರು.

ಮರುದಿನ ಸಂಜೆ ಮೆಕ್ಯಾನಿಕ್ ಬಂದು ಇಂಜಿನ್ ಚಾಲೂ ಮಾಡಿದ. ಕೊಳವೆ ಕಾಯಿತು, ಡಾಂಬರು ಕುದಿಯಿತು, ಗಾಡಿಯ ಕೆಳಗಿಂದ ಎಂಥ ಹೊಗೆ ಎದ್ದಿತೆಂದರೆ ಎದುರಿನ ಚಹಾದಂಗಡಿಯೇ ಕಾಣದಾಯಿತು. ಜನ ಕೊಡ ಹಿಡಿದು ಓಡಿ ಬಂದರು. ಉಸ್ತಾದರು ಕೆಮ್ಮುತ್ತಾ ಮೂಲೆಯಲ್ಲಿ ಕೂತು, “ಪೈಪಿಗೂ ಬಳದೀನೇನು?” ಅಂತ ಮೆಲ್ಲಗೆ ಕೇಳಿದರು. ನಾನು “ನಾನೇ ಬಳದಿದ್ದೆ ಉಸ್ತಾದ್” ಅಂದೆ. ಅವರು ನಂಬಲಿಲ್ಲ.

ಇನ್ನು ಊರೆಲ್ಲ ಬೈಯುತ್ತದೆ ಅಂದುಕೊಂಡು ಕೂತಿದ್ದೆವು. ಹೊಗೆ ಇಳಿದ ಮೇಲೆ ಚಹಾದಂಗಡಿಯವನು ಬಂದು ಕೈ ಮುಗಿದ: “ಉಸ್ತಾದ್, ಸೊಳ್ಳಿ ಒಂದೂ ಉಳಿದಿಲ್ಲ. ನಾಳಿನೂ ಇದೇ ಟೈಮಿಗಿ ಚಾಲೂ ಮಾಡ್ರಿ.”

ಬೂದು

ಕೆಂಪು, ಹಳದಿ ಎರಡೂ ಗಟ್ಟಿಯಾಗಿ ಕೂತ ಮೇಲೆ ಎಲ್ಲದರ ಮೇಲೂ ಬೂದು ಬಣ್ಣದ ಪ್ರೈಮರು ಹೊಡೆದೆ. ಅದನ್ನು ನೀರು ಹಾಕಿ ಉಜ್ಜಿ ನುಣುಪು ಮಾಡಿದ ಮೇಲೆಯೇ ಹಸಿರು. ಅಂದು ಡಾಕ್ಟರು ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿದರು. ಅಂಗೈಯಿಂದ ಬಾಗಿಲು ಸವರಿದರು.

“ಹಸರು ಭಾಳ ಛಲೋ ಬಂದದ ಉಸ್ತಾದ್. ಥೇಟ್ ಮೊದಲಿನಂಗೇ ಅದ.”

ನನ್ನ ಕೈಯಲ್ಲಿದ್ದ ನೀರಿನ ಮಗ್ಗು ಅಲ್ಲೇ ನಿಂತಿತು. ಉಸ್ತಾದರು ಮೂಗು ಅರಳಿಸಿ ಗಾಳಿ ಎಳೆದುಕೊಂಡರು. ಬಣ್ಣ ಕಾಣದಿದ್ದರೂ ಪ್ರೈಮರಿನ ವಾಸನೆಯನ್ನು ಅವರು ನಿದ್ದೆಯಲ್ಲೂ ಗುರುತಿಸುತ್ತಿದ್ದರು. “ನಿಮ್ಮ ದುವಾ ಸಾಬ್” ಅಂದರು.

ಡಾಕ್ಟರು ಚಹಾ ಕುಡಿಯಲು ಹೊರಗೆ ಹೋದ ಕೂಡಲೇ ನನ್ನ ತೋಳು ಹಿಡಿದು ಎಳೆದರು. “ಪಾಪ, ಡಾಕ್ಟರ್ ಸಾಬರ ಕಣ್ಣು ಹೋಗ್ಯಾವ ಬೇಟಾ. ನಮಗ ಗೊತ್ತಾಗ್ಯಾದಂತ ಅವರಿಗಿ ತಿಳೀಬಾರದು. ನೊಂದ್ಕೋತಾರ.”

ನಾನು ಲೋಟ ಒಯ್ದು ಡಾಕ್ಟರ ಕೈಗೆ ಕೊಟ್ಟೆ. ಅವರೂ ನನ್ನ ಹೆಗಲ ಮೇಲೆ ಕೈ ಇಟ್ಟು ದನಿ ತಗ್ಗಿಸಿದರು. “ತಮ್ಮಾ, ನಿಮ್ಮ ಉಸ್ತಾದರ ಕಣ್ಣಾಗ ಪೊರಿ ಬಲತದ. ಬಂದ ದಿನಾನೇ ನೋಡೀನಿ. ಅವರಿಗಿ ಹೇಳಬ್ಯಾಡ, ಕೈ ಕುಸೀತದ.”

“ಆಪರೇಶನ್ ಮಾಡಿಸ್ಲಿಕ್ಕಿ ಹೇಳ್ರಿ ಸಾಹೇಬ್ರ.”

“ನಾನ್ಯಾವ ಬಾಯಿಲೆ ಹೇಳ್ಲಿ? ನನಗೇ ಮಾಡಿಸ್ಕೋರಿ ಅಂತ ಹೇಳಿ ಎರಡು ವರ್ಷ ಆಯ್ತು, ಅಂಜಿ ಕುಂತೀನಿ.”

ಊರಿನ ಗಡ್ಡೆಗಳಿಗೆಲ್ಲ ಚಾಕು ಹಾಕಿದ ಮನುಷ್ಯ ಹೀಗಂದು ಲೋಟ ಖಾಲಿ ಮಾಡಿ ಒಳಗೆ ನಡೆದರು. ನಾನು ಲೋಟ ಮರಳಿಸಿ ಒಳಗೆ ಹೋದರೆ ಇಬ್ಬರೂ ಆಗಲೇ ಗಾಡಿಯ ಮುಂದೆ ನಿಂತು ಜಗಳ ಹಚ್ಚಿಕೊಂಡಿದ್ದರು. ಹಸಿರು ಒಂದು ಕೂದಲಷ್ಟು ಗಾಢವಾಗಿದೆ ಅಂತ ಡಾಕ್ಟರು, ಇಲ್ಲ ತಿಳಿಯಾಗಿದೆ ಅಂತ ಉಸ್ತಾದರು.

ದಂಡೋತಿ ರಸ್ತೆ

ಮೇಲಿನ ಹಸಿರಿಗೆ ಇನ್ನೂ ತಿಂಗಳು ಬೇಕಿತ್ತು. ಮಳೆಯ ತೇವ ಹಿಡಿದರೆ ಬಣ್ಣ ಬೆಳ್ಳಗಾಗುತ್ತದೆ, ಮೃಗಶಿರಾ ಮಳೆ ಹತ್ತಿರ ಬಂದಿತ್ತು. ಡಾಕ್ಟರಿಗೆ ಅದನ್ನು ಹೇಳದೆ, ಬಣ್ಣ ಇನ್ನೂ ಹಸಿಯಿದೆ, ಮಳೆ ಮುಗಿಯುವವರೆಗೆ ತಡೆಯೋಣ ಅಂದೆ. ಡಾಕ್ಟರು, “ಮಳಿ ಮುಗಿಯೋದರಾಗ ನನಗ ಹೊಳಿ ಕಾಣ್ತದೇನು?” ಅಂದರು. ಬೂದು ಗಾಡಿಯಲ್ಲೇ ಹೊರಟೆವು.

ಹೊಳೆ ಮುಟ್ಟಿದೆವು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರು ದಡದಲ್ಲಿ ಬಹಳ ಹೊತ್ತು ನಿಂತು, “ನೀರು ಅದ ಏನು?” ಅಂತ ಕೇಳಿದರು. ಕಾಗಿಣಾ ಹೊಳೆ ಬತ್ತಿ ನಡುವೆ ಒಂದೆರಡು ಗುಂಡಿ ನೀರು ಉಳಿದಿತ್ತು. “ತುಂಬಿ ಹರೀಲಿಕತ್ತದ್ರಿ” ಅಂದೆ. ಅವರು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತರು. ಉಸ್ತಾದರು ಪಕ್ಕದಲ್ಲಿ ಕೂತರು. ಆ ಮಳೆಗಾಲದಲ್ಲೇ ಡಾಕ್ಟರು ಹೋದರು. ಗಾಡಿಯನ್ನು ಅವರ ಅಳಿಯ ಬೂದು ಬಣ್ಣದಲ್ಲೇ ಒಯ್ದ. ಉಸ್ತಾದರು ಗನ್ನು ನನ್ನ ಕೈಗಿಟ್ಟು ಮನೆಯಲ್ಲಿ ಕೂತರು.

ಆದರೆ ಹೋಗುವಾಗಿನ ಮಾತು ಬೇರೆ. ಗಾಡಿಯಲ್ಲಿ ಇದ್ದದ್ದು ಎರಡೇ ಸೀಟು. ಸ್ಟೇರಿಂಗ್ ಡಾಕ್ಟರು ಬಿಡಲಿಲ್ಲ, ಪಕ್ಕದ ಸೀಟು ಉಸ್ತಾದರು ಬಿಡಲಿಲ್ಲ. “ತಮ್ಮಾ, ಬಿಳಿ ಅಂಗಿ ಹಾಕ್ಕೊಂಡು ಮುಂದ ನಡಿ. ಬಿಳಿ ಅಷ್ಟು ನನಗ ಕಾಣ್ತದ. ನಿನ್ನ ಹಿಂದೇ ಬರ್ತೀನಿ” ಅಂದರು ಡಾಕ್ಟರು. ಬೇಡ ಅಂದರೆ ಒಬ್ಬರೇ ಹೊರಡುತ್ತಿದ್ದರು.

ಹಾಗೆ ನಾನು ಬಿಸಿಲಿಗೆ ತಲೆ ತಗ್ಗಿಸಿಕೊಂಡು ನಡು ರಸ್ತೆಯಲ್ಲಿ ನಡೆದೆ. ಹಿಂದೆ ಮೊದಲ ಗೇರಿನಲ್ಲಿ ನರಳುತ್ತಾ ಬೂದು ಬಣ್ಣದ ಗಾಡಿ. ಅದರಲ್ಲಿ ಬಿಳಿ ಬಟ್ಟೆಯ ಇಬ್ಬರು ಮುದುಕರು, ಕದಲದೆ ನೆಟ್ಟಗೆ ಕೂತವರು. ದಾಟಿ ಹೋಗಲು ಜಾಗವಿಲ್ಲದೆ ಹಿಂದೆ ನಾಲ್ಕು ಎತ್ತಿನ ಬಂಡಿ, ಏಳೆಂಟು ಸೈಕಲ್ಲು, ಸಂತೆಗೆ ಹೊರಟವರು. ಹೊಲದಲ್ಲಿದ್ದವರು ಎದ್ದು ನಿಂತು ಕೈ ಮುಗಿದರು. ಕೆಲವರು ಚಪ್ಪಲಿ ಬಿಟ್ಟು ಹಿಂದೆ ಸೇರಿಕೊಂಡರು. ಒಬ್ಬಾಕೆ ಸೆರಗು ಬಾಯಿಗೆ ಹಚ್ಚಿಕೊಂಡು ಅಳಲಿಕ್ಕೇ ಶುರು ಮಾಡಿದಳು.

ಒಬ್ಬ ರೈತ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗಾಡಿಯ ಪಕ್ಕ ನಡೆಯುತ್ತಾ ಬಂದ. ಉಸ್ತಾದರ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

“ಯಾರು ಹೋದ್ರಿ, ಸಾಹೇಬ್ರ?”

ಉಸ್ತಾದರು ಬಾಗಿಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೇ ಹೇಳಿದರು:

“ಇನ್ನಾ ಯಾರೂ ಹೋಗಿಲ್ಲಪ್ಪ. ಡಾಕ್ಟರ್ ಸಾಬ್ ಈಗ ಎರಡನೇ ಗೇರ್ ಹಾಕ್ಲಿಕತ್ತಾರ, ನೋಡಮು.”