ಬಾಯಿ ದೊಡ್ಡದೋ ಕಾಯಿ ದೊಡ್ಡದೋ

ನನ್ನ ಹಿತ್ತಲದಾಗ ಕುಂಬಳಬಳ್ಳಿ ಹಬ್ಬಿತು ಅಂದರ ಏನರೆ ಒಂದು ಆಗೇ ಆಗತೈತಿ. ಮಸ್ಕಿಯಾಗ ಯಾರನ್ನರೆ ಕೇಳ್ರಿ. ಈ ಸಲ ಮೊಮ್ಮಗಳ ನಿಶ್ಚಯಕ್ಕ ಗುರುಗುಂಟಾದ ಬೀಗರು ಬರೋರಿದ್ದರು. "ನನ್ನ ಒಂದೇ ಕಾಯಿ ಪಲ್ಯ ನಿಮ್ಮ ಇಡೀ ಮಂದಿಗೆ ಸಾಲತೈತಿ" ಅಂತ ಅವರು ಹೆಣ್ಣು ನೋಡಾಕ ಬಂದಾಗಲೇ ಅಂದುಬಿಟ್ಟಿದ್ದೆ. ಗಂಡಿನ ಅಜ್ಜಿ ನಕ್ಕಳು. "ನೋಡೂಣ ಬಿಡ್ರಿ, ನಿಮ್ಮ ಬಾಯಿ ದೊಡ್ಡದೋ ಕಾಯಿ ದೊಡ್ಡದೋ."

ಬೆರಳು

ಹೀಚುಗಾಯಿಗೆ ಬೆರಳು ತೋರಿಸಿದರ ಕೊಳೀತೈತಿ, ಕೂಸಿಗೂ ಗೊತ್ತು. ಅವತ್ತೇ ಆ ಅಜ್ಜಿ ಹಿತ್ತಲಕ್ಕ ಬಂದು, "ಇದೇನು ಆ ಕಾಯಿ?" ಅಂತ ನೆಟ್ಟಗ ಬೆರಳು ಮಾಡಿದಳು. ಅವರ ಗಾಡಿ ಊರು ದಾಟೋದರೊಳಗ ಕಾಯಿ ಕರ್ರಗಾಗಿ, ತೊಟ್ಟು ಕಳಚಿ, ನನ್ನ ಕಾಲಿಗೆ ಉರುಳಿ ಬಂತು. ಬಳ್ಳ್ಯಾಗ ಉಳಿದದ್ದು ಒಂದೇ. ಆಮ್ಯಾಲ ಯಾರು ಬಂದರೂ "ಮೊಣಕೈಲೆ ತೋರಸ್ರಿ" ಅಂದೆ. ಈಗ ನಮ್ಮ ಓಣ್ಯಾಗ ಲಿಂಗಸುಗೂರು ಬಸ್ ಎಲ್ಲಿ ನಿಲ್ಲತೈತಿ ಅಂತ ಕೇಳಿದರೂ ಮಂದಿ ಮೊಣಕೈನೇ ಎತ್ತತಾರ.

ಗುರುತು

ಉಳಿದ ಕಾಯಿಗೆ ಕಳ್ಳರ ಭಯ. ಎಳೇಕಾಯಿ ಮ್ಯಾಲ ಉಗುರಿಲೆ ಗೀರಿದರ ಆ ಗೀರು ಕಾಯಿ ಕೂಡ ಬೆಳೀತೈತಿ. ಹೆಸರು ಬರಿಯಾಕ ನನಗ ಅಕ್ಷರ ಬರಂಗಿಲ್ಲ. ಕಣ್ಣು, ಮೂಗು, ಬಾಯಿ ಗೀರಿದೆ. ಕಾಯಿ ಭಾಳ ದೊಡ್ಡದೇನಾಗಲಿಲ್ಲ, ಕೂಸಿನ ತೊಟ್ಟಿಲು ತುಂಬುವಷ್ಟು. ಆದರ ಮುಖ ತಾನೇ ಬೆಳೀತು. ನಾ ಗೀರದ ಸುಕ್ಕು ಬಂದವು, ಹುಬ್ಬು ಬಂದವು. ಗ್ವಾಡಿ ಕಡೆ ಮುಖ ಮಾಡಿ ಇಟ್ಟರ, ಮಧ್ಯಾಹ್ನದೊಳಗ ಅಡಗಿಮನಿ ಕಡೆ ತಿರುಗಿರತಿತ್ತು. ನನ್ನ ಹೆಂಡತಿ ಬಿಳಿಚಿಕೊಂಡು ಬಂದಳು.

"ಏನ್ರೀ, ನಮ್ಮತ್ತಿ ಬಂದಾಳ."

"ಹುಚ್ಚೀ, ನಮ್ಮವ್ವ ಸತ್ತು ಎಷ್ಟು ವರ್ಷಾತು!"

"ಅದಕ್ಕ ಅಂದೆ, ಬಂದಾಳ ಅಂತ. ನಾ ಉಪ್ಪು ಹಾಕೋದನ್ನ ನೋಡಾಕತ್ತಾಳ."

ಅವತ್ತಿಂದ ಆಕಿ ತಲಿಮ್ಯಾಲ ಸೆರಗು ಹೊದ್ದೇ ಅಡಗಿ ಮಾಡಿದಳು. ಮದುವಿ ಆದಾಗಿಂದ ಮೊದಲ ಸಲ ಸಾರಿಗೆ ಉಪ್ಪು ಹದಕ್ಕ ಬಿತ್ತು.

ಪಕ್ಕದ ಮನಿಯಾಕಿ

ಪಕ್ಕದ ಮನಿ ಮುದುಕಿ ನೋಡಿ, "ಇದು ನಮ್ಮ ಯಜಮಾನರು" ಅಂದಳು. ಆತನೂ ತೀರಿಕೊಂಡಾವನೇ. ಸಂಜಿಗೊಮ್ಮೆ ಬಂದು ಅದರ ಮುಂದ ಕುಂತು ಸೊಸಿ ಮ್ಯಾಲ ಫಿರ್ಯಾದಿ ಹೇಳತಿದ್ದಳು. ಗಾಳಿ ಇಲ್ಲದಾಗೂ ಕಾಯಿ ಮೆಲ್ಲಗ ತಲಿ ಅಲ್ಲಾಡಸತಿತ್ತು, ನನ್ನ ಕಣ್ಣಿಲೆ ನೋಡೀನಿ.

"ಹೆದರಿಕಿ ಆಗಂಗಿಲ್ಲೇನವಾ?" ಅಂದೆ.

"ಯಾಕ ಹೆದರಲಿ? ಬದುಕಿದ್ದಾಗ ನನ್ನ ಒಂದು ಮಾತೂ ಪೂರ್ತಿ ಕೇಳಲಿಲ್ಲ. ಈಗ ಎದ್ದು ಹೋಗಾಕ ಕಾಲಿಲ್ಲ."

ಕುಡಗೋಲು

ನಿಶ್ಚಯದ ದಿನ ಬಂತು. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಹೆಂಗಸರು ಹಾಕಬಾರದು, ಅದು ನಮ್ಮ ರೂಢಿ. ಬೀಗರು ಊಟಕ್ಕ ಕಾಯಾಕತ್ತಿದ್ದರು. ನಾ ಕುಡಗೋಲು ಎತ್ತಿದೆ. ಅವ್ವ ನನ್ನ ನೋಡಿದಳು. ಇಳಿಸಿದೆ. ಅಳಿಯ ಬಂದ, ತನ್ನ ಸತ್ತ ಅಪ್ಪನ್ನ ಕಂಡು ಕೈಮುಗಿದ. ಬೀಗರ ಪೈಕಿ ಪೈಲ್ವಾನನೊಬ್ಬ ಮೀಸಿ ತಿರುವಿಕೊಂತ ಬಂದ, "ಕಾಕಾ!" ಅಂತ ಅಲ್ಲೇ ಕುಂತುಬಿಟ್ಟ. ನನ್ನ ಮರ್ಯಾದಿ ಹೋದಂಗೇ ಅಂದುಕೊಂಡೆ.

ಆವಾಗ ಗಂಡಿನ ಅಜ್ಜಿ ಬಂದು ಬಗ್ಗಿ ನೋಡಿದಳು.

"ಯಾರ್ರೀ ಇದಕ್ಕ ನನ್ನ ಮುಖ ಬರದವರು?"

ಎಲ್ಲಾರೂ ಎರಡು ಹೆಜ್ಜಿ ಹಿಂದ ಸರಿದರು. ಸತ್ತವರನ್ನಷ್ಟ ತೋರಿಸೋ ಕಾಯಿ ಜೀವಂತ ನಿಂತಾಕಿನ್ನ ತೋರಿಸಿತ್ತು.

ನನ್ನ ಹೆಂಡತಿ ಸೆರಗು ಸೊಂಟಕ್ಕ ಸಿಗಿಸಿದಳು. "ಖರೇನಾ? ನಮ್ಮತ್ತಿದಲ್ಲಾ?" ರೂಢಿ ಗೀಢಿ ಬಿಟ್ಟು, ಕುಡಗೋಲು ಕಸಗೊಂಡು ಒಂದೇ ಏಟಿಗೆ ಎರಡು ಹೋಳು ಮಾಡಿದಳು. ಇತ್ತ ಆ ಬೀಗಿತಿ ಅಜ್ಜಿ "ಅಯ್ಯವ್ವ!" ಅಂತ ಎರಡೂ ಕೈಲೆ ತಲಿ ಹಿಡಕೊಂಡಳು.

ಪಲ್ಯ ಇಡೀ ಮಂದಿಗೆ ಸಾಲತಿತ್ತು, ಈಗಲೂ ಆಣಿ ಮಾಡಿ ಹೇಳತೀನಿ. ಆದರ ಬೀಗಿತಿ ಪಾತ್ರೀನ ತನ್ನ ಮುಂದ ಎಳಕೊಂಡು ಕುಂತಳು. "ನನ್ನ ಮುಖ ಮಂದಿ ಹೊಟ್ಟಿಗೆ ಯಾಕ ಹೋಗಬೇಕು? ಎಲ್ಲಾ ನನಗೇ ನೀಡ್ರಿ!"

ಅವತ್ತು ಎಲ್ಲಾರಿಗೂ ತಿಳೀತು. ಕಾಯಿ ನನ್ನದು ದೊಡ್ಡದು, ಬಾಯಿ ಆಕಿದು.