ನೆಲದ ಮೇಲೆ ಎರಡು ವರ್ಷ ತೇಲಿದ ದೋಣಿ

ಧಾರವಾಡದವನಾದ ನನಗೆ ನೀರೆಂದರೆ ಕೆರೆ, ದೋಣಿಯೆಂದರೆ ಮಕ್ಕಳು ಮಾಡುವ ಕಾಗದದ್ದು. ಅಂಥವನಿಗೆ ಐವತ್ತರ ದಶಕದ ಬೊಂಬಾಯಿಯಲ್ಲಿ ಸಿಕ್ಕಿದ್ದು ಹಾಯಿದೋಣಿ ರಿಪೇರಿಯ ಗುಮಾಸ್ತಿಕೆ. ನಗೆಪಾಟಲಿನ ಪ್ರಸಂಗಗಳು ಎಲ್ಲಿದ್ದರೂ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಆ ಎರಡು ವರ್ಷ ಅವು ನಮ್ಮಲ್ಲೇ ಬಿಡಾರ ಹೂಡಿದ್ದವು.

ನಡುನೀರು

ದೋಣಿ ನಮ್ಮ ಪಾರ್ಸಿ ಸೇಟ್‌ರ ತಂದೆಯ ಕಾಲದ್ದು, ಪೂರ್ತಿ ಸಾಗುವಾನಿ. ಮಜಗಾಂವ್ ದಂಡೆಯಲ್ಲಿ, ಮರದ ಆಸರೆಗಳ ನಡುವೆ ನಿಂತಿತ್ತು. ಹತ್ತಿ ಇಳಿಯಲು ಎಡಬದಿಗೆ ಒಂದು ಏಣಿ. ಕೊಳೆತ ಹಲಗೆ ಕಿತ್ತು ಹೊಸದು ಕೂರಿಸುವವರು ಕುಂದಾಪುರ ಕಡೆಯ ಮುದುಕ ಮೇಸ್ತ್ರಿ.

ಸೇಟ್ ದಿನಾ ನಾಲ್ಕಕ್ಕೆ ಬಂದು ಚುಕ್ಕಾಣಿ ಹಿಡಿದು ಕೂರುತ್ತಿದ್ದರು. ನಾನೂ ಮೇಸ್ತ್ರಿಯೂ ಜೊತೆಗೆ ಕೂರಬೇಕು. ಹಾಯಿಯಿಲ್ಲ, ಅದರ ಕಂಬವೂ ಇಲ್ಲ. ಗಾಳಿ ಹಲಗೆ ಸಂದಿಯಲ್ಲಿ ಸಣ್ಣಗೆ ಶಿಳ್ಳೆ ಹಾಕುತ್ತಿತ್ತು. ಆಚೆ ಮಿನುಗುವ ನೀರನ್ನು ನೋಡುತ್ತ ನೋಡುತ್ತ ದಂಡೆಯೇ ಹಿಂದೆ ಸರಿದಂತಾಗುತ್ತಿತ್ತು. ನಿಜ ಹೇಳುತ್ತೇನೆ, ಆ ಒಂದು ಗಂಟೆಯ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಐದಕ್ಕೆ ಪಕ್ಕದ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಸೇಟ್ ಚುಕ್ಕಾಣಿಯನ್ನು ನನ್ನ ಕೈಗಿತ್ತು, "ಕಾಫಿ" ಎಂದು ಎದ್ದು, ಏಣಿಯಿಳಿದು ಎದುರಿನ ಉಡುಪಿ ಹೋಟೆಲಿಗೆ ನಡೆಯುತ್ತಿದ್ದರು.

ಒಂದು ದಿನ ನಾನು ಭೋಂಗಾಕ್ಕೆ ಮೊದಲೇ ಎದ್ದೆ.

"ಎಲ್ಲಿಗೆ?" ಅಂದರು ಸೇಟ್.

"ಸಯನ್ ಬಸ್ಸು ತಪ್ಪುತ್ತೆ, ಸೇಟ್‌ಜಿ."

"ಇನ್ನೂ ನಡುನೀರಿನಲ್ಲಿದ್ದೇವೆ. ದಡ ಬರಲಿ."

ಮೇಸ್ತ್ರಿ ನನ್ನ ತೋಳು ಹಿಡಿದು, "ಕೂತ್ಕಣಿ ಮಾರಾಯ್ರೆ, ನಿಮ್ಗೆ ಈಜುಕ್ ಬತ್ತಿಲ್ಲ ಅಲ್ದಾ?" ಅಂದರು. ನಾನು ಕೂತೆ.

ಹೆಣ್ಣು ನೋಡಲು ಬಂದವನು

ಸೇಟ್‌ಗೆ ಮದುವೆಯಾಗಿರಲಿಲ್ಲ, ಮನೆಯ ಯಜಮಾನಿಕೆಯೆಲ್ಲ ಅಕ್ಕನದು. ಎರಡನೆಯ ವರ್ಷ ಅವರು ತೀರ್ಪು ಕೊಟ್ಟರು: ಅಲ್ಲಿನ ಕೋಳಿ ಬೆಸ್ತರು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ನಾರಳಿ ಪೂರ್ಣಿಮೆಯೊಳಗೆ ದೋಣಿ ತೇಲದಿದ್ದರೆ, ಅದು ಬೇಕರಿಯ ಸೌದೆ. ಹಳೇ ಹಡಗಿನ ಮರದಲ್ಲಿ ಪಾವ್ ಬೇಯಿಸುವ ಬೇಕರಿಯವನಿಗೂ, "ನಿನ್ನನ್ನು ಬರಿಗೈಲಿ ಕಳಿಸುವುದಿಲ್ಲ" ಎಂದು ಮಾತು ಕೊಟ್ಟರು.

ಅವನು ವಾರಕ್ಕೊಮ್ಮೆ ಬಿಸಿ ಪಾವ್ ಹಿಡಿದು ಬರುತ್ತಿದ್ದ. ಹೆಣ್ಣು ನೋಡಲು ಬಂದವನಂತೆ ದೋಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ. ಒಮ್ಮೆ ಮೇಸ್ತ್ರಿ ಕಿತ್ತ ಹಲಗೆಗಳನ್ನು ತೋರಿಸಿ, "ಇದನ್ನ್ ತಕಂಡ್ ಹೋಯ್ನಿ" ಅಂದರು. ಅವನು ಮೂಸಿ ನೋಡಿ ಬೇಡವೆಂದ.

"ನೀವು ಹೊಸದಾಗಿ ಹಾಕಿದ್ದೀರಲ್ಲ, ಅದು ಬಹಳ ಚೆನ್ನಾಗಿದೆ. ಹಾಗೇ ಮುಂದುವರಿಸಿ. ಪಾವ್ ಹದವಾಗಿ ಬೇಯುತ್ತದೆ."

ಮೇಸ್ತ್ರಿಯ ಕೆಲಸವನ್ನು ಅಷ್ಟು ಮನಸಾರೆ ಹೊಗಳಿದವರನ್ನು ನಾನು ಬೇರೆ ಕಂಡಿಲ್ಲ.

ಫ್ಯಾನು

ಹಳೆಯದನ್ನು ಸರಿಪಡಿಸಿದರೆ ಸಾಲದು, ಹೊಸ ಸೌಕರ್ಯವೂ ಬೇಕೆಂದು ಸೇಟ್ ಒಳಕೋಣೆಗೆ ಬ್ಯಾಟರಿ, ದೀಪ, ಕೊನೆಗೆ ಒಂದು ಫ್ಯಾನನ್ನೂ ತಂದರು. ಮೇಸ್ತ್ರಿ ಅದನ್ನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಬಾಗಿಲಿನ ಹೊರಗೆ, ಮೇಲ್ಮುಖವಾಗಿ ಕೂರಿಸಿದರು. ಇದೇನೆಂದು ಕೇಳಿದೆ.

"ಗಾಳಿ ನಿಂತ್ರೆ ಹಾಯಿಗೆ ಬೇಕಲ್ದಾ?"

ಬಾಯಾರಿಕೆ

ಹುಣ್ಣಿಮೆಗೆ ಮೂರು ದಿನ ಮೊದಲು ನೀರಿಗಿಳಿಸಿದೆವು. ಇಳಿಸಿದ್ದೇ ತಡ, ಸಂದುಸಂದಿನಿಂದ ನೀರು ಒಳಗೆ ನುಗ್ಗಿತು. ಸೇಟ್ ಮುಖ ಬಿಳಿಚಿತು. ಬೇಕರಿಯವನಂತೂ ತಲೆಯ ಮೇಲೆ ಕೈಹೊತ್ತು ನಿಂತ. ಅವನ ಸೌದೆ ನೆನೆಯುತ್ತಿತ್ತು.

ಮೇಸ್ತ್ರಿ ಬೀಡಿ ಹಚ್ಚಿದರು. "ಎರಡ್ ವರ್ಷ ಒಣಗಿದ್ ಮರ. ಕುಡೀಲಿ. ಉಬ್ಬಿರೆ ಸಂದ್ ತನ್ನಷ್ಟಕ್ಕೇ ಮುಚ್ಚತ್ತ್."

ಬೇಸಿಗೆಯಲ್ಲಿ ಸಡಿಲಾದ ಚಕ್ಕಡಿ ಗಾಲಿಯನ್ನು ನಮ್ಮೂರಿನವರು ಹಳ್ಳದಲ್ಲಿ ನೆನೆಹಾಕುವುದು ನೆನಪಾಗಿ ನನಗೆ ಧೈರ್ಯ ಬಂತು. ಮೂರು ದಿನ ಸರದಿಯಂತೆ ನೀರು ತೋಡಿದೆವು. ಹುಣ್ಣಿಮೆಯ ಬೆಳಿಗ್ಗೆ ಒಳಗೆಲ್ಲ ಒಣಗಿತ್ತು. ಅಕ್ಕ ಬಂದು, ಬಗ್ಗಿ, ತಳವನ್ನು ಬೆರಳಿನಿಂದ ಒರೆಸಿ ನೋಡಿದರು.

"ತೇಲುತ್ತಿದೆ," ಅಂದರು. "ಸಂಜೆ ಒಂದು ಸುತ್ತು ಹೋಗೋಣ. ಆಮೇಲೆ ಹೇಳುತ್ತೇನೆ."

ಐದರ ಭೋಂಗಾ

ನಾಲ್ಕಕ್ಕೆ ಹೊರಟೆವು. ಅಕ್ಕ ತಮ್ಮನ ಎದೆಗೆ ಬೆಂಡಿನ ಜಾಕೀಟನ್ನು ತಾವೇ ಬಿಗಿದರು. ಹೊಸ ಕಂಬಕ್ಕೆ ಕಟ್ಟಿದ ಹಾಯಿ ತುಂಬಿತು. ದಂಡೆ ನಿಜವಾಗಿಯೂ ಹಿಂದೆ ಸರಿಯಿತು. ನನಗೆ ಮೊದಲು ಅದು ಕನಸು ಅನ್ನಿಸಿತು, ಯಾಕೆಂದರೆ ಎರಡು ವರ್ಷ ಕಂಡದ್ದೂ ಹಾಗೇ ಇತ್ತು. ಬೆಸ್ತರು ಬಿಟ್ಟ ತೆಂಗಿನಕಾಯಿಗಳು ಅಲ್ಲಲ್ಲಿ ತೇಲುತ್ತಿದ್ದವು. ಬಹಳ ಹೊತ್ತಿನ ಮೇಲೆ ಅಕ್ಕ ತಮ್ಮನನ್ನು ನೋಡಿ, "ಅಪ್ಪನೂ ಅಲ್ಲೇ ಕೂರುತ್ತಿದ್ದರು," ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಆಗ ದೂರದ ದಂಡೆಯಿಂದ ಭೋಂಗಾ ತೆಳ್ಳಗೆ ಕೇಳಿಸಿತು.

ಸೇಟ್ ಚುಕ್ಕಾಣಿಯನ್ನು ನನ್ನ ಕೈಗಿತ್ತರು. ಟೋಪಿ ಸರಿಮಾಡಿಕೊಂಡರು. "ಕಾಫಿ" ಅಂದರು. ಎಡಬದಿಗೆ ಹೋಗಿ, ಬೆನ್ನು ತಿರುಗಿಸಿ, ಎಂದಿನಂತೆ ಒಂದು ಕಾಲು ಕೆಳಗಿಟ್ಟರು.

ಮೇಸ್ತ್ರಿ ಹಗ್ಗ ಎಸೆದರು. ಬೆಂಡಿನ ಪುಣ್ಯದಿಂದ ತೇಲುತ್ತಿದ್ದ ಸೇಟ್, ಬಾಯಿಯ ಉಪ್ಪುನೀರು ಉಗುಳಿ, ಕೋಪದಿಂದ ಕೇಳಿದರು: "ಏಣಿ ತೆಗೆದವರು ಯಾರು?"

ಅಕ್ಕ ಮೇಲಿನಿಂದ ಬಗ್ಗಿದರು.

"ನಾನೇ ಕಣೋ. ಬೆಳಿಗ್ಗೆಯೇ ಬೇಕರಿಯವನಿಗೆ ಕೊಟ್ಟೆ. ದೋಣಿ ಕೊಡಲು ಮನಸ್ಸು ಬರಲಿಲ್ಲ, ಅವನನ್ನು ಬರಿಗೈಲಿ ಕಳಿಸುವ ಹಾಗೂ ಇರಲಿಲ್ಲ."