ಬದನೆಕಾಯಿಗೆ ಸೋತ ನುಗ್ಗೆಸೊಪ್ಪು

ಗಂಭೀರವಾಗಿ ಏನಾದರೂ ಹೇಳೋಣ ಅಂತ ಎದ್ದು ನಿಂತರೆ ಸಾಕು, ಎದುರಿಗೆ ಕೂತವರು ಬಿದ್ದು ಬಿದ್ದು ನಗುವಂಥದ್ದು ಏನಾದರೊಂದು ಆಗೇ ಆಗುತ್ತೆ. ಅದು ನನ್ನ ಹಣೆಬರಹವೋ ನನ್ನ ನೌಕರಿಯ ಗುಣವೋ ಗೊತ್ತಿಲ್ಲ.

ತೊಂಬತ್ತರ ದಶಕದ ಮಾತು. ನಾನು ಅಂಗನವಾಡಿ ಮೇಲ್ವಿಚಾರಕಿ. ಹಳ್ಳಿಹಳ್ಳಿಗೆ ಹೋಗಿ ಬಸುರಿ, ಬಾಣಂತಿ, ಅತ್ತೆ, ಸೊಸೆ ಎಲ್ಲರನ್ನೂ ಕೂರಿಸಿಕೊಂಡು ಯಾವ ತರಕಾರಿಯಲ್ಲಿ ಏನಿದೆ ಅಂತ ಹೇಳೋದು ನನ್ನ ಕೆಲಸ. ಒಂದು ಕೈಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ನುಗ್ಗೆಸೊಪ್ಪು ಹಿಡಿದು ಎರಡನ್ನೂ ಹೋಲಿಸಿ ಭಾಷಣ ಮಾಡ್ತಿದ್ದೆ. ಭಾಷಣ ಮುಗಿಯೋ ಹೊತ್ತಿಗೆ ನುಗ್ಗೆಸೊಪ್ಪು ಗೆಲ್ಲಬೇಕು, ಬದನೆಕಾಯಿ ಸೋಲಬೇಕು. ಅಷ್ಟೇ ಕಥೆ.

ಮದುವೆಯಾಗಿ ಇನ್ನೂ ಕೈಯ ಅರಿಶಿನ ಆರಿರಲಿಲ್ಲ. ನಮ್ಮವರು ಬೇಲೂರಿನಲ್ಲಿ ಸರ್ವೆಯರ್. ಊರವರ ಹೊಲಗದ್ದೆಯನ್ನೆಲ್ಲ ಅಳೆದು ಬರುತ್ತಿದ್ದ ಮನುಷ್ಯನಿಗೆ ನಮ್ಮಿಬ್ಬರ ನಡುವಿನ ದಾರಿಯನ್ನ ಒಂದು ಗೇಣು ಕಮ್ಮಿ ಮಾಡೋಕೆ ಆಗಲಿಲ್ಲ. ನನ್ನನ್ನ ಆ ತಾಲ್ಲೂಕಿಗೆ ವರ್ಗ ಮಾಡಿ ಅಂತ ನಾನು ಕೇಳ್ತಾನೇ ಇದ್ದೆ. ಹಾಸನದ ಸಾಹೇಬರು "ನೋಡೋಣ, ನೋಡೋಣ" ಅಂತಾನೇ ಇದ್ದರು. ನಾನಿದ್ದದ್ದು ಗಂಡಸಿಯಲ್ಲಿ, ಒಂದು ಬಾಡಿಗೆ ರೂಮಿನಲ್ಲಿ. "ಊರಿನ ಹೆಸರಿನಲ್ಲೇ ಗಂಡ ಇದಾನೆ ಕಣೇ, ನಿನ್ನ ಮನೇಲಿ ಮಾತ್ರ ಇಲ್ಲ" ಅಂತ ಜೊತೆಯವರು ರೇಗಿಸೋರು. ನಾನೂ ನಗ್ತಿದ್ದೆ. ಸಂಜೆ ರೂಮಿಗೆ ಬಂದು ಒಬ್ಬಳಿಗೇ ಅಂತ ಒಂದು ಹಿಡಿ ಅಕ್ಕಿ ತೊಳೆಯುವಾಗ ಅಳು ಬಂದುಬಿಡೋದು.

ನಾರು

ಮೊದಮೊದಲು ನಾನು ಪುಸ್ತಕದ ಮಾತೇ ಆಡ್ತಿದ್ದೆ. ಗಂಡಸಿಯ ಮಗ್ಗುಲ ಒಂದು ಹಳ್ಳಿ. ಮುಂದಿನ ಸಾಲಿನಲ್ಲಿ ಯಾವಾಗಲೂ ಒಬ್ಬ ಅಜ್ಜಿ ಕೂರೋದು, ಬಾಯಿ ತುಂಬ ಎಲೆಅಡಿಕೆ. ನಾನು ನುಗ್ಗೆಸೊಪ್ಪನ್ನ ಎತ್ತಿ ಹಿಡಿದು, "ನೋಡಿ ತಾಯಂದಿರೇ, ಇದರಲ್ಲಿ ಜೀವಸತ್ವ ಇದೆ" ಅಂದೆ.

ಅಜ್ಜಿ ಪಕ್ಕದವಳನ್ನ ತಿವಿದು, "ಯಾರ್ ಜೀವ ಸತ್ತೋಯ್ತಂತೆ?" ಅಂತು.

"ಸಾಯೋದಲ್ಲ ಅಜ್ಜಿ, ಜೀವಕ್ಕೆ ಒಳ್ಳೇದು ಅಂತ" ಅಂದು ಮುಂದುವರಿದೆ. "ಇದರಲ್ಲಿ ನಾರೂ ಇದೆ."

ಸೊಪ್ಪು ತಂದುಕೊಟ್ಟಿದ್ದ ಹೆಂಗಸು ದಡಕ್ಕನೆ ಎದ್ದು ನಿಂತಳು. "ನಾರ್ತೈತಾ? ಏನ್ ಮೇಡಮ್ಮಾರೆ ಹಿಂಗಂತೀರ! ಈಗ್ತಾನೆ ಮರದಿಂದ ಕಿತ್ಕಂಡ್ ಬಂದಿದೀನಿ!" ಅಂತ ನನ್ನ ಕೈಯಿಂದ ಸೊಪ್ಪನ್ನ ಕಿತ್ತುಕೊಂಡು ಒಬ್ಬೊಬ್ಬರ ಮೂಗಿಗೂ ಹಿಡಿದುಕೊಂಡು ಹೊರಟಳು. ಎಲ್ಲರೂ ಮೂಸಿ, "ಇಲ್ಲ ಕಣವ್ವ, ಚೆನ್ನಾಗೈತೆ" ಅಂತ ಸಾಕ್ಷಿ ಹೇಳಿದರು. ಕೊನೆಗೆ ನನ್ನ ಮೂಗಿನ ಹತ್ತಿರ ಬಂತು. ನಾನೂ ಮೂಸಿ, "ನಾರ್ತಿಲ್ಲ" ಅಂತ ಎಲ್ಲರಿಗೂ ಕೇಳಿಸೋ ಹಾಗೆ ಹೇಳಿದ ಮೇಲೇ ಆಕೆ ಕೂತದ್ದು.

ಸುಣ್ಣ

ಬುದ್ಧಿ ಬಂತು ಅಂತ ಮುಂದಿನ ಸಲ ಸುಲಭದ ಮಾತು ಹುಡುಕಿಕೊಂಡು ಹೋದೆ. "ಬದನೆಕಾಯಿಯಲ್ಲಿ ಮುಕ್ಕಾಲು ನೀರೇ. ಅದೇ ನುಗ್ಗೆಸೊಪ್ಪು ನೋಡಿ, ಮೂಳೆಗೆ ಬೇಕಾದ ಸುಣ್ಣ ಇದೆ, ರಕ್ತಕ್ಕೆ ಬೇಕಾದ ಕಬ್ಬಿಣ ಇದೆ" ಅಂದೆ. ಎಲ್ಲರೂ ತಲೆಯಾಡಿಸಿದರು. ಅಬ್ಬಾ, ಇವತ್ತು ಅರ್ಥವಾಯ್ತು ಅಂತ ಖುಷಿಯಾಗಿ ಬಂದೆ.

ಮತ್ತೆ ಹೋದಾಗ ಅಜ್ಜಿ ಮುಖ ಊದಿಸಿಕೊಂಡು ಕೂತಿತ್ತು. "ಏನಜ್ಜಿ?" ಅಂದರೆ ನಾಲಿಗೆ ಚಾಚಿ ತೋರಿಸಿತು. "ಸುಣ್ಣ ಐತೆ ಅಂದ್ಯಲ್ಲವ್ವ, ಎಲೆಅಡಿಕೆಗೆ ನಿನ್ ನುಗ್ಗೆಸೊಪ್ಪೇ ಇಕ್ಕೊಂಡೆ. ಬಾಯಿ ಕೆಂಪಾಗ್ಲೇ ಇಲ್ಲ. ಎಮ್ಮೆ ಬಾಯಿ ಆದಂಗಾಯ್ತು."

ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ಅಜ್ಜಿಯ ಸಿಟ್ಟೂ ಇಳೀತು. ನಿಜವಾದ ಸುಣ್ಣ ಹಚ್ಚಿ ನನಗೊಂದು ಎಲೆ ಮಡಿಸಿಕೊಟ್ಟಿತು. ಅಗಿದೆ. ಬಾಯಿ ರಂಗೇರಿತು. ಅಜ್ಜಿ ನನ್ನ ಗದ್ದ ಹಿಡಿದು ನೋಡಿ, "ಗಂಡಂಗೆ ನಿನ್ ಮ್ಯಾಲೆ ಬಲೇ ಆಸೆ ಕಣವ್ವ, ಎಷ್ಟ್ ಕೆಂಪಾಗೈತೆ ನೋಡು" ಅಂತು.

"ಆಸೆ ಇದ್ದು ಏನ್ ಮಾಡೋದಜ್ಜಿ, ಬಸ್ಸಿಲ್ಲವಲ್ಲ" ಅಂದೆ.

ಬೂತಿನಲ್ಲಿ

ಆಗ ನಮಗೆಲ್ಲಿ ಫೋನು? ಗಂಡಸಿ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಎಸ್‌ಟಿಡಿ ಬೂತು; ಅಲ್ಲಿಂದ ಬೇಲೂರಿನಲ್ಲಿ ಅವರ ಪಕ್ಕದ ಮನೆಯ ಫೋನಿಗೆ ಮಾಡಿ ಅವರನ್ನ ಕರೆಸ್ತಿದ್ದೆ. ಅದರ ಬಾಗಿಲು ಪೂರ್ತಿ ಹಾಕೋಕೆ ಬರುತ್ತಿರಲಿಲ್ಲ. ನನ್ನ ಹಿಂದೆ ಕೊಬ್ಬರಿ ವ್ಯಾಪಾರದವರು, ಕಾಲೇಜು ಹುಡುಗರು, ಎಲ್ಲರೂ ಕಿವಿ ನಿಮಿರಿಸಿಕೊಂಡು ಕಾಯ್ತಾ ಇರೋರು. ಅಷ್ಟು ಜನರ ಮುಂದೆ ಹೊಸ ಹೆಂಡತಿ ಗಂಡನ ಹತ್ತಿರ ಏನು ತಾನೇ ಮಾತಾಡ್ತಾಳೆ ಹೇಳಿ! ನಿಮ್ಮನ್ನ ನೋಡಬೇಕು ಅನ್ನಿಸ್ತಿದೆ ಅಂತ ಹೇಳೋಕೆ ಬಾಯಿ ತೆರೆದರೆ, "ಏನು ಅಡುಗೆ ಮಾಡ್ಕೊಂಡ್ರಿ?" ಅಂತ ಬರ್ತಿತ್ತು.

ಅವರೋ, ಬದನೆಕಾಯಿಯ ಪರಮ ಭಕ್ತರು. "ಬದನೆಕಾಯಿ ಪಲ್ಯ."

"ಮತ್ತೆ ಬದನೆಕಾಯಾ? ಅದರಲ್ಲೇನಿದೆ ರೀ, ಬರೀ ನೀರು! ನುಗ್ಗೆಸೊಪ್ಪು ತಿನ್ನಿ ಅಂತ ಎಷ್ಟು ಸಲ ಹೇಳೋದು?"

"ನುಗ್ಗೆಸೊಪ್ಪು ಬಿಡಿಸಿಕೊಡೋರು ಗಂಡಸಿಯಲ್ಲಿ ಕೂತಿದಾರಲ್ಲ."

ಆ ಮಾತು ಕೇಳಿಸಲೇ ಇಲ್ಲ ಅನ್ನೋ ಹಾಗೆ ಇನ್ನೂ ಜೋರಾಗಿ ಕಬ್ಬಿಣ, ಸುಣ್ಣ ಅಂತ ಶುರು ಮಾಡಿದೆ. ಬೂತಿನ ಯಜಮಾನರಿಗೆ ನಮ್ಮಪ್ಪನ ವಯಸ್ಸು. ದಿನಾ ಇದನ್ನೇ ಕೇಳಿ ಕೇಳಿ ಸಾಕಾಗಿತ್ತೋ ಏನೋ, ಗಾಜಿನ ಬಾಗಿಲು ತಟ್ಟಿ, "ಮೇಡಂ, ಮೀಟರ್ ಓಡ್ತಾ ಐತೆ. ಆ ಬದ್ನೆಕಾಯಿ ಅತ್ಲಾಗ್ ಬಿಟ್ಟು, ಯಾವಾಗ್ ಬತ್ತೀರ ಅಂತ ಕೇಳ್ರವ್ವ" ಅಂದರು. ಸಾಲಿನಲ್ಲಿ ನಿಂತವರೆಲ್ಲ "ಕೇಳಿ, ಕೇಳಿ" ಅಂದರು.

ಹಳೇಬೀಡಿನ ಮೇಕೆ

ಶನಿವಾರ ಕೆಲಸ ಮುಗಿಸಿ ಓಡಿದರೆ ಅರಸೀಕೆರೆಯಲ್ಲಿ ಬೇಲೂರಿನ ಬಸ್ಸು ಸಿಕ್ಕೋದು. ಒಂದು ಸಲ ಹಳ್ಳಿಯ ಹೆಂಗಸರು "ನಿಮ್ಮೆಜಮಾನ್ರಿಗೆ ಕೊಡಿ" ಅಂತ ತೋಳು ತುಂಬ ನುಗ್ಗೆಸೊಪ್ಪು ಕೊಟ್ಟರು. ಬಸ್ಸಿನಲ್ಲಿ ಕಿಟಕಿ ಪಕ್ಕ ಇಟ್ಟುಕೊಂಡು ಕೂತೆ. ಇವತ್ತು ಈ ಮನುಷ್ಯನಿಗೆ ಹೇಗೆ ತಿನ್ನಿಸೋದು, ಏನು ಮಾತಾಡೋದು, ಎಷ್ಟು ಹೊತ್ತು ಮಾತಾಡೋದು ಅಂತ ಯೋಚಿಸ್ತಾ ಯೋಚಿಸ್ತಾ ಹಳೇಬೀಡು ಬಂದದ್ದೂ ತಿಳಿಯಲಿಲ್ಲ, ಡ್ರೈವರ್ ಟೀ ಕುಡಿಯೋಕೆ ಇಳಿದದ್ದೂ ತಿಳಿಯಲಿಲ್ಲ. ಕಟ್ಟೆ ಮೇಲೆ ಹತ್ತಿ ನಿಂತಿದ್ದ ಮೇಕೆಯೊಂದು ಕಿಟಕಿಯೊಳಗೆ ಮೂತಿ ತೂರಿಸಿದ್ದಂತೂ ತಿಳಿಯಲೇ ಇಲ್ಲ. ಹಿಂದಿನ ಸೀಟಿನವರು "ಅಮ್ಮಾ, ಸೊಪ್ಪು!" ಅಂತ ಕೂಗಿದಾಗ ನನ್ನ ಕೈಯಲ್ಲಿ ಬರೀ ಕಡ್ಡಿ.

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಕಾಯ್ತಾ ನಿಂತಿದ್ದರು. ಕಡ್ಡಿಯ ಕಟ್ಟು ಹಿಡಿದು ಇಳಿದವಳನ್ನ ನೋಡಿ, "ಏನೇ ಇದು, ಮೇಷ್ಟ್ರಾಗಿಬಿಟ್ಯಾ, ಇಷ್ಟು ಬೆತ್ತ ತಂದಿದೀಯ?" ಅಂದರು.

ಮಾರನೇ ದಿನ ಅವರೇ ಒಲೆ ಮುಂದೆ ಕೂತು ಬದನೆಕಾಯಿ ಎಣ್ಣೆಗಾಯಿ ಮಾಡಿದರು. ನಾನು ಪಕ್ಕದಲ್ಲಿ ಕೂತು ಕಾಯಿ ತುರಿದೆ. ಅದರಲ್ಲಿ ಏನಿದೆ, ಏನಿಲ್ಲ ಅಂತ ನಾನು ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡೆ. ಸೋಮವಾರ ಬೆಳಗಿನ ಬಸ್ಸು ಹತ್ತುವಾಗ ಮಾತ್ರ, ಇದೇನು ಬಾಳು ದೇವರೇ, ಗಂಡನ ಮನೆಗೆ ನೆಂಟಳ ಹಾಗೆ ಬಂದು ಹೋಗೋದು ಅಂದುಕೊಂಡೆ.

ಸಾಹೇಬರು ಬಂದ ದಿನ

ಸೋಮವಾರ ಹಳ್ಳಿಗೆ ಹೋದರೆ ಹೆಂಗಸರು ನನ್ನ ಮುಖ ನೋಡಿ, "ಏನ್ ಮೇಡಮ್ಮ, ಕಳೆಕಳೆಯಾಗಿದೀರಿ! ಏನ್ ಉಂಡ್ರಿ ಊರಲ್ಲಿ?" ಅನ್ನೋರು. ಗಂಡನ ಜೊತೆ ಇದ್ದು ಬಂದೆ, ಅದಕ್ಕೇ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ? ನಾಚಿಕೊಂಡು, "ಬದನೆಕಾಯಿ ಎಣ್ಣೆಗಾಯಿ" ಅಂತ ಅಷ್ಟೇ ಹೇಳ್ತಿದ್ದೆ. ಅದೇ ಮುಂದೆ ನನ್ನನ್ನ ಸಿಕ್ಕಿಹಾಕಿಸಿತು.

ಒಂದು ಶುಕ್ರವಾರ ಹಾಸನದ ಸಾಹೇಬರು, ನನ್ನ ವರ್ಗ ಕೈಯಲ್ಲಿಟ್ಟುಕೊಂಡು "ನೋಡೋಣ" ಅಂತಿದ್ದವರು, ನನ್ನ ಕೆಲಸ ನೋಡೋಕೆ ಅದೇ ಹಳ್ಳಿಗೆ ಬಂದರು. ಇವತ್ತು ಅವರಿಗೆ ಮೆಚ್ಚುಗೆಯಾದರೆ ಬೇಲೂರು, ಇಲ್ಲದಿದ್ದರೆ ಗಂಡಸಿಯೇ ಗತಿ. ನಾನು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಭಾಷಣ ಮಾಡಿರಲಿಲ್ಲ. ನುಗ್ಗೆಸೊಪ್ಪನ್ನ ಆಕಾಶಕ್ಕೇರಿಸಿದೆ, ಬದನೆಕಾಯಿಯ ಮಾನ ಹರಾಜು ಹಾಕಿದೆ. ಸಾಹೇಬರು ತಲೆದೂಗಿ, ಹೆಂಗಸರ ಕಡೆ ತಿರುಗಿ, "ಎಲ್ಲಿ, ಹೇಳಿ ನೋಡೋಣ. ಎರಡರಲ್ಲಿ ಯಾವುದು ಮೈಗೆ ಒಳ್ಳೇದು?" ಅಂದರು.

"ಬದ್ನೆಕಾಯಿ!" ಅಂತ ಎಲ್ಲರೂ ಒಟ್ಟಿಗೇ ಕೂಗಿದರು.

ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಹೋಯ್ತು ಬೇಲೂರು. ಸಾಹೇಬರು ನನ್ನನ್ನ ದುರುಗುಟ್ಟಿ ನೋಡಿದರು. "ಇದೇನಾ ನೀವು ಕಲಿಸಿರೋದು?"

ಅಜ್ಜಿ ಎದ್ದು ನಿಂತಿತು. "ಆಯಮ್ಮನ್ನ ಬೈಬ್ಯಾಡಿ ಸಾಮಿ. ಆಯಮ್ಮ ಸರ್ಯಾಗೇ ಹೇಳ್ತಾಳೆ. ನಾವೂ ಬದ್ನೆ ನಂಜು ಅಂತ ಬಾಣಂತೀರ್ಗೆ ಕೊಡಕಿಲ್ಲ. ಆದ್ರೆ ಕಣ್ಣಾರೆ ಕಂಡಿದ್ದನ್ನ ಇಲ್ಲ ಅನ್ನಕಾಯ್ತದಾ? ವಾರಪೂರ್ತಿ ಈಯಮ್ಮ ತಿನ್ನೋದು ನುಗ್ಗೆಸೊಪ್ಪು. ನಾವೇ ಕೊಡೋದು. ದಿನದಿನಕ್ಕೂ ಮಖ ಬಾಡ್ತಾ ಹೋಯ್ತದೆ. ಇವತ್ ಸುಕ್ರವಾರ, ನೋಡಿ, ನೀವೇ ನೋಡಿ ಈ ಮಖನ! ನಾಳೀಕೆ ಬೇಲೂರ್ಗೋಗಿ ಬದ್ನೆಕಾಯ್ ಉಂಡ್ಕಂಡ್ ಬತ್ತಾಳೆ. ಸೋಮಾರ ಬನ್ನಿ, ಗುರ್ತು ಸಿಕ್ಕಕಿಲ್ಲ ನಿಮ್ಗೆ."

ಸಾಹೇಬರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೀಸೆಯಡಿ ನಗು ತಡೆದುಕೊಂಡು, "ಅಲ್ಲಜ್ಜಿ, ಬದನೆಕಾಯಿ ಅರಸೀಕೆರೆ ಸಂತೆಯಲ್ಲೂ ಸಿಗುತ್ತಲ್ಲ, ಅದನ್ನೇ ತಿನ್ನಿಸಿ" ಅಂದರು.

"ತಿನ್ಸಿದ್ವಿ ಸಾಮಿ. ಮೈಗೆ ಹತ್ತಲಿಲ್ಲ. ಬೇಲೂರ್ದೇ ಆಗ್ಬೇಕು."

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ಜೀಪಿನ ಡ್ರೈವರೂ ನಕ್ಕ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗ್ತಿದ್ದೆನೋ ಅಳ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ಇವರನ್ನ ಬೇಲೂರಿಗೇ ಕಳಿಸಿಬಿಡ್ಲಾ?" ಅಂದರು.

ನಗು ನಿಂತುಹೋಯ್ತು. ಸೊಪ್ಪು ತಂದುಕೊಡುತ್ತಿದ್ದ ಹೆಂಗಸು ತಲೆ ತಗ್ಗಿಸಿದಳು. ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನ ಆಚೆ ಉಗಿದು ಬಂದು ನನ್ನ ಪಕ್ಕ ನಿಂತು ಹೇಳಿತು:

"ಕಳ್ಸಿ ಸಾಮಿ. ಆದ್ರೆ ಇವ್ಳ ಜಾಗಕ್ಕೆ ಬರೋಳ್ನ ಗಂಡನ ಸಮೇತ ಕಳ್ಸಿ. ಇನ್ನೊಬ್ಳ್ನ ಹಿಂಗೆ ಸಾಕಕ್ ನಮ್ ಕೈಲಾಗಕಿಲ್ಲ."